ಮಾಗಡಿಯ ಹೆಬ್ಬಾತು, ಹಾವೇರಿಯ ಸಂತೆ, ಹಾನಗಲ್ಲಿನ ಮಂಗ

ಭಾನುವಾರ: ಹುಬ್ಬಳ್ಳಿ, ಧಾರವಾಡ

ಡಿಸೆಂಬರ್ ಕೊನೆಗೆ ರಜೆಯಲ್ಲಿ ಊರಿಗೆ ಬಂದಾಗ ಒಬ್ಬ ಗೆಳತಿ ಜೊತೆಗಿದ್ದಳು. ಮಂಗೋಲಿಯಾದವಳು, ನನ್ನ ಹಾಗೇ ಪಶುವೈದ್ಯೆ. ಬ್ಯಾಂಕಾಕಿನ ಒಂದೇ ಕಚೇರಿಯಲ್ಲಿ ಎದುರುಬದುರು ಕೂರುತ್ತೇವೆ. ಪ್ರಾಣಿಗಳಿಂದ ಮನುಷ್ಯರಿಗೆ ದಾಟುವ ರೋಗಗಳ ಮೇಲೆ ಕಣ್ಣಿಡುವುದು ನಮ್ಮ ಕೆಲಸ. ಕೇಳೋಕೆ ದೊಡ್ಡದು. ದಿನದ ಬಹುಪಾಲು ಹೋಗುವುದು ದೇಶದೇಶಗಳಿಂದ ಬರುವ ವರದಿ ಓದಿ, ‘ಇಲ್ಲಿ ಯಾಕೆ ಸೊನ್ನೆ ಇದೆ?’ ಎಂದು ಮೇಲ್ ಹಾಕುವುದರಲ್ಲಿ. ರೋಗ ಇಲ್ಲದಿದ್ದರೂ ಸೊನ್ನೆ, ಯಾರೂ ಹೇಳದಿದ್ದರೂ ಸೊನ್ನೆ. ಎರಡನ್ನೂ ಬೇರೆ ಮಾಡುವುದಕ್ಕೇ ನಮಗೆ ಸಂಬಳ ಅನ್ನಬಹುದು.

ಅವಳಿಗೆ ಹಂಪಿ ಬೇಕಿರಲಿಲ್ಲ, ಗೋವಾನೂ ಬೇಕಿರಲಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆ ನೋಡಬೇಕಿತ್ತು. ಅವಳ ದೇಶದ ಸರೋವರಗಳಲ್ಲಿ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಇಳಿಯುವ ಜಾಗಗಳಲ್ಲಿ ಅದೂ ಒಂದು.

ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಬಂದು ಬೆಳಗ್ಗೆ ಹುಬ್ಬಳ್ಳಿಯಲ್ಲಿ ಇಳಿದೆವು. ಜಗತ್ತಿನಲ್ಲೇ ಉದ್ದವಾದ ಪ್ಲಾಟ್‌ಫಾರ್ಮ್ ಇಲ್ಲಿದೆ, 1,507 ಮೀಟರ್ ಎಂದು ಹೆಮ್ಮೆಯಿಂದ ಹೇಳಿದೆ. ದೊಡ್ಡ ಬ್ಯಾಗು ಎಳೆಯುತ್ತಿದ್ದವಳಿಗೆ ಆ ದಾಖಲೆಯ ಬಗ್ಗೆ ಅಷ್ಟೇನೂ ಖುಷಿ ಆಗಲಿಲ್ಲ.

ಆಟೋದವನು ಕನ್ನಡಿಯಲ್ಲಿ ಅವಳನ್ನು ನೋಡಿ, “ಮುಂಡಗೋಡಕ್ಕ ಹೊಂಟೀರೇನ್ರಿ ಅಕ್ಕಾರ?” ಎಂದ. ಅವನು ಹಾಗೆ ಕೇಳಿದ್ದು ಸಹಜ. ಮುಂಡಗೋಡದ ಟಿಬೆಟನ್ ಕ್ಯಾಂಪಿನವರು ಚಳಿಗಾಲಕ್ಕೆ ಹುಬ್ಬಳ್ಳಿಯಲ್ಲಿ ಸ್ವೆಟರ್ ಅಂಗಡಿ ಹಾಕುವುದನ್ನು ಚಿಕ್ಕಂದಿನಿಂದ ನೋಡಿದ್ದೇವೆ. ಈ ಪ್ರಶ್ನೆ ಮುಂದೆ ಯಾವ ಊರಿನಲ್ಲೂ ನಮ್ಮ ಬೆನ್ನು ಬಿಡಲಿಲ್ಲ. ಹಾನಗಲ್ಲು ತಲುಪುವ ಹೊತ್ತಿಗೆ ಅವಳೇ ‘ಮುಂಡಗೋಡ ಅಲ್ರೀ’ ಎನ್ನಲು ಕಲಿತಿದ್ದಳು.

ಕಾಲು ಮೇಲೆತ್ತಿದಾಗ ಅವನ ಮೀನಖಂಡದ ಮೇಲೆ ಗಾಯ ಕಂಡಿತು. ನಾಯಿ ಹಲ್ಲಿನ ಗುರುತು ನಮ್ಮ ಕಣ್ಣಿಗೆ ಬೇಗ ಬೀಳುತ್ತದೆ. ಕೇಳಿದೆ.

“ಹೋದ ರವಿವಾರ ರಾತ್ರಿ ಮನಿಗೆ ಹೊಂಟಾಗ ಹಿಡೀತ್ರಿ. ಖಾರಪುಡಿ ಹಾಕಿ ಕಟ್ಟಿದ್ಲು ನಮ್ಮಾಕಿ. ಮರುದಿನ ತಗದು ತೊಳದ್ರು ದವಾಖಾನ್ಯಾಗ. ಎರಡು ಸೂಜಿ ಆಗ್ಯಾವು.”

“ಮೂರನೇದು?”

“ಈಗ ಬರೂದೈತ್ರಿ. ಆದ್ರ ನಾಳಿ ಎಳ್ಳ ಅಮಾಸಿ. ಸಿದ್ಧಾರೂಢ ಮಠದ ಬಾಡಿಗಿ ಬಿಟ್ಟು ಪಾಳೇದಾಗ ಯಾರ ನಿಂದರ್ತಾರ್ರಿ? ಈಗ ಗಾಯಾನೂ ಮಾಯಾಕತ್ತೈತಿ.”

ಕಚ್ಚಿದ ನಾಯಿ ಆಮೇಲೆ ಓಣಿಯಲ್ಲಿ ಕಂಡಿಲ್ಲವಂತೆ. ನನಗೆ ಹೆದರಿಕೆ ಆದದ್ದು ಅದಕ್ಕೇ. ಕಚ್ಚಿ ಹತ್ತು ದಿನ ಕಳೆದರೂ ನಾಯಿ ಆರಾಮಾಗಿ ಓಡಾಡುತ್ತಿದ್ದರೆ ನಿಶ್ಚಿಂತೆ. ಕಾಣೆಯಾದ ನಾಯಿಯ ಬಗ್ಗೆ ಯಾವ ಭರವಸೆಯೂ ಇಲ್ಲ. ಗಾಯ ಮಾಯುವುದಕ್ಕೂ ರೇಬಿಸ್‌ಗೂ ಸಂಬಂಧವಿಲ್ಲ, ರೋಗದ ಲಕ್ಷಣ ಕಾಣಿಸಿದ ಮೇಲೆ ಉಳಿಸಿಕೊಳ್ಳುವ ಔಷಧವಿಲ್ಲ, ಕೋರ್ಸ್ ಮುಗಿಸಲೇಬೇಕು ಎಂದು ದಾರಿಯುದ್ದ ಹೇಳಿದೆ. ನಾಯಿ ಕಚ್ಚಿದ ಕೂಡಲೇ ನಲ್ಲಿ ಕೆಳಗೆ ಕಾಲಿಟ್ಟು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು, ಖಾರಪುಡಿ, ಸುಣ್ಣ ಯಾವುದೂ ಬೇಡ ಎಂದೂ ಹೇಳಿದೆ. ಅವನು ಇಳಿಸುವಾಗ, “ಮುಂಜಾನೆ ಲಗೂನ ಹೋಗಿ ಮಾಡಿಸ್ಕೊಂಡು ಮಠದ ಕಡೆ ಹೋಗ್ತೀನ್ರಿ” ಎಂದ.

ಕಚೇರಿಯಲ್ಲಿ ನಾವು ‘2030ಕ್ಕೆ ಸೊನ್ನೆ’ ಎನ್ನುವ ಗುರಿಗೆ ಸ್ಲೈಡ್ ಮಾಡುತ್ತೇವೆ. ಆ ಹೊತ್ತಿಗೆ ನಾಯಿಯಿಂದ ಬರುವ ರೇಬಿಸ್‌ನಿಂದ ಜಗತ್ತಿನಲ್ಲಿ ಯಾರೂ ಸಾಯಬಾರದು. ಈಗ ವರ್ಷಕ್ಕೆ ಸುಮಾರು 59,000 ಜನ ಸಾಯುತ್ತಾರೆ ಎಂಬ ಅಂದಾಜಿದೆ, ಮೂರರಲ್ಲಿ ಒಂದು ಪಾಲು ಭಾರತದಲ್ಲೇ. ನೂರಕ್ಕೆ 70 ನಾಯಿಗಳಿಗೆ ಲಸಿಕೆ ಬಿದ್ದರೆ ರೋಗದ ಸರಪಳಿ ತುಂಡಾಗುತ್ತದೆ. ಪಕ್ಕದ ಗೋವಾದಲ್ಲಿ ಬಲೆ ಹಿಡಿದು ಓಣಿ ಓಣಿ ತಿರುಗಿ ಅದನ್ನೇ ಮಾಡಿದರು, ಸಾವು ನಿಂತಿತು. ಇದೆಲ್ಲ ಸ್ಲೈಡಿನಲ್ಲಿದೆ. ಅಮಾವಾಸ್ಯೆ ದಿನದ ಬಾಡಿಗೆ ಮಾತ್ರ ಯಾವ ಸ್ಲೈಡಿನಲ್ಲೂ ಇಲ್ಲ.

ಧಾರವಾಡದಲ್ಲಿ ಚಿಗವ್ವನ ಮನೆ. ಸಂಜೆ ಲೈನ್ ಬಜಾರಿಗೆ ಪೇಡಾಕ್ಕೆ ಹೋದೆವು. ಗವಳಿಗರ ಎಮ್ಮೆಗಳನ್ನೂ ತೋರಿಸಿದೆ. ಈ ಎಮ್ಮೆಗಳಿಗೆ ಈಗ ‘ಧಾರವಾಡಿ’ ಎಂದು ಪ್ರತ್ಯೇಕ ತಳಿಯ ಮಾನ್ಯತೆ ಸಿಕ್ಕಿದೆ. ಕುಡುಗೋಲಿನಂತೆ ಬಾಗಿದ ಆ ಕೊಂಬು ನೋಡಿ ಗೆಳತಿ ಫೋಟೋ ಮೇಲೆ ಫೋಟೋ ತೆಗೆದಳು. ಹಾಲಿನ ತಿಂಡಿ ಕಂಡರೆ ‘ಕಾಯಿಸಿದ್ದಾ?’ ಎಂದು ಕೇಳುವ ಚಾಳಿ ನಮ್ಮಿಬ್ಬರಿಗೂ ಇದೆ. ಗಂಟೆಗಟ್ಟಲೆ ಬಾಣಲೆಯಲ್ಲಿ ಕೆದಕಿದ ಪೇಡಾದ ಮುಂದೆ ಆ ಪ್ರಶ್ನೆ ಏಳಲೇ ಇಲ್ಲ. ಅರ್ಧ ಕಿಲೋ ರಾತ್ರಿಯೇ ಮುಗಿಯಿತು. ನವಲೂರಿನ ಪೇರಲ ಹಣ್ಣು ಮಾತ್ರ ಬೆಳಗಿನ ದಾರಿಗೆ ಉಳಿಯಿತು.

ಸೋಮವಾರ: ಮಾಗಡಿ ಕೆರೆ, ಒಂದು ಹೊಲದ ಊಟ

ನಾಲ್ಕೂವರೆಗೆ ಬಾಡಿಗೆ ಕಾರು ಬಂತು. ಚಳಿ ಚೆನ್ನಾಗಿತ್ತು. ಅಣ್ಣಿಗೇರಿಯಲ್ಲಿ ಚಹಾ. ಕಾರಿನ ದೀಪ ಬಿದ್ದ ಕಡೆಯೆಲ್ಲ ಎರೆ ಹೊಲ, ಕಡಲೆ, ಬಿಳಿಜೋಳ, ಕುಸುಬಿ. ರಸ್ತೆ ಚಲೋ ಇದೆ, ಆದರೆ ನಸುಕಿನಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರುಗಳು ಹಿಂದೆ ಕೆಂಪು ದೀಪವಿಲ್ಲದೆ ಹೋಗುತ್ತವೆ. ರಾತ್ರಿ ಗದಗಿನಲ್ಲೋ ಲಕ್ಷ್ಮೇಶ್ವರದಲ್ಲೋ ಉಳಿದು ಹೊರಡುವುದು ವಾಸಿ. ಗದಗ ದಾಟುವಾಗ ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪ ಮಿನುಗುತ್ತಿದ್ದವು. ಅಲ್ಲಿಂದ ಶಿರಹಟ್ಟಿ ಕಡೆ ಸುಮಾರು 26 ಕಿಲೋಮೀಟರ್.

ಕೆರೆ ಏರಿ ಹತ್ತುವ ಮುಂಚೆಯೇ ಸದ್ದು ಕೇಳಿತು. ಸಾವಿರಾರು ಹೆಬ್ಬಾತು ಒಟ್ಟಿಗೆ ಮೂಗಿನಲ್ಲಿ ಮಾತಾಡುವ ಸದ್ದು. ಬೆಳಕು ಹರಿದಂತೆ ನೀರಿನ ಮೇಲೆ ಬೂದು ಬಣ್ಣದ ಗುಂಪು, ಬಿಳಿ ತಲೆ, ಹಿಂದಲೆಯಲ್ಲಿ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಒಂದು ತಂಡ ಹೊಲದಿಂದ ಬಂದು ಇಳಿಯುತ್ತಿದ್ದರೆ ಇನ್ನೊಂದು ಏಳುತ್ತಿತ್ತು. ಹಿಮಾಲಯದ ಮೇಲೆ ಹಾರಿ ಬರುವ ಹಕ್ಕಿ ಇದು. ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಗೆಳತಿ ಬೈನಾಕ್ಯುಲರ್ ಹಿಡಿದು ಒಂದೊಂದೇ ಕುತ್ತಿಗೆ ನೋಡುತ್ತ ಹೋದಳು. ಪಟ್ಟಿ ಇದ್ದದ್ದು ಒಂದೂ ಸಿಗಲಿಲ್ಲ.

ಅವಳ ಆಸಕ್ತಿ ಬರೀ ಹಕ್ಕಿ ನೋಡುವುದಲ್ಲ. 2005ರ ಮೇ ತಿಂಗಳಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಎಚ್5ಎನ್1 ಹಕ್ಕಿಜ್ವರಕ್ಕೆ ಸುಮಾರು 6,000 ಕಾಡುಹಕ್ಕಿಗಳು ಸತ್ತವು. ಅದರಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಜಾಸ್ತಿ. ಅಲ್ಲಿಯವರೆಗೆ ಅದು ಕೋಳಿ ಫಾರ್ಮು, ಕೋಳಿ ಮಾರುಕಟ್ಟೆಯ ರೋಗ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೊದಲ ಸಲ 18 ಮಂದಿಗೆ ತಗುಲಿ 6 ಮಂದಿ ಸತ್ತಿದ್ದರು. ಹೆಬ್ಬಾತಿಗೆ ಬಂತು ಅಂದಾಗ ಜಗತ್ತೇ ಆಕಾಶದ ಕಡೆ ನೋಡಲು ಶುರು ಮಾಡಿತು. ಅದೇ ಆಗಸ್ಟಿನಲ್ಲಿ ಮಂಗೋಲಿಯಾದ ಎರ್ಖೆಲ್ ಸರೋವರದಲ್ಲೂ ಹೆಬ್ಬಾತು, ಹಂಸಗಳು ಸತ್ತು ಬಿದ್ದವು. ಆಗ ಅವಳು ಕಾಲೇಜಿನಲ್ಲಿದ್ದಳು. ಈ ಕೆಲಸಕ್ಕೆ ಬಂದದ್ದೇ ಆ ಸುದ್ದಿಯಿಂದ ಅನ್ನುತ್ತಾಳೆ. ಎಲ್ಲ ತಪ್ಪನ್ನೂ ಕಾಡುಹಕ್ಕಿಯ ಮೇಲೆ ಹಾಕಿದರೆ ಮಾತ್ರ ಅವಳಿಗೆ ಸಿಟ್ಟು ಬರುತ್ತದೆ. ಲಾರಿಯಲ್ಲಿ ಹೋಗುವ ಕೋಳಿಯೂ ವೈರಸ್ಸನ್ನು ಊರೂರಿಗೆ ಒಯ್ಯುತ್ತದೆ. ಲಾರಿಗೆ ಚಳಿಗಾಲ ಬೇಸಿಗೆ ಎಂಬ ಭೇದವೂ ಇಲ್ಲ.

ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬಂದ ಒಬ್ಬ ಅಜ್ಜ ನಿಂತರು. ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ಅವರಿಗೆ ಗೊತ್ತಿತ್ತು. “ಹೆಸರು ದೊಡ್ಡದಾತ್ರಿ. ನಮ್ಮ ಕಡ್ಲಿ ಮೇಯೂದು ಬಿಟ್ಟಿಲ್ಲ ಇವು” ಎಂದರು. ಆದರೆ ಯಾರೂ ಕಲ್ಲು ಹೊಡೆಯುವುದಿಲ್ಲವಂತೆ. ವರ್ಷಾ ಬರುವ ಅತಿಥಿಗಳು ಅಲ್ವಾ.

“ಅಜ್ಜಾರ, ಒಂದು ಹಕ್ಕಿ ಸತ್ತು ಬಿದ್ದಿದ್ರ ಏನ್ ಮಾಡ್ತೀರಿ?” ಎಂದೆ.

“ಒಂದು ಸತ್ರ ಏನ್ ಮಾಡೂದೈತ್ರಿ, ನಾಯಿ ಒಯ್ತಾವು.”

“ಹತ್ತಿಪ್ಪತ್ತು ಸತ್ರ?”

ಅಜ್ಜ ನನ್ನನ್ನೂ ಗೆಳತಿಯನ್ನೂ ನೋಡಿದರು. “ಹೇಳಬೇಕು ಖರೇ. ಆದ್ರ ಹೇಳಿದ ಮ್ಯಾಲೆ ನಮ್ಮ ಮನಿ ಕೋಳಿ ಹಿಡಕೊಂಡು ಹೋಗ್ತಾರಂತಲ್ರಿ?”

ಈ ಒಂದು ಮಾತನ್ನು ಗೆಳತಿಗೆ ಅನುವಾದ ಮಾಡಿ ಹೇಳಿದಾಗ ಅವಳು ನಕ್ಕುಬಿಟ್ಟಳು. ಇದೇ ಪ್ರಶ್ನೆಯನ್ನು ಅವಳು ಎಷ್ಟೋ ದೇಶಗಳಲ್ಲಿ ಕೇಳಿದ್ದಾಳೆ. ಅಜ್ಜನ ಅಂಜಿಕೆಯಲ್ಲಿ ಹುರುಳಿದೆ. ಸಾಕಿದ ಕೋಳಿಯಲ್ಲಿ ಹಕ್ಕಿಜ್ವರ ಖಾತ್ರಿಯಾದರೆ ಸುತ್ತ ಒಂದು ಕಿಲೋಮೀಟರಿನ ಕೋಳಿಗಳನ್ನೆಲ್ಲ ಕೊಲ್ಲುವುದು ನಮ್ಮ ದೇಶದ ನಿಯಮ, ಹತ್ತು ಕಿಲೋಮೀಟರ್ ತನಕ ನಿಗಾ. ಕಾಡುಹಕ್ಕಿ ಸತ್ತಿತೆಂದು ಹೇಳಿದ ಮಾತ್ರಕ್ಕೆ ಯಾರೂ ಕೋಳಿ ಹಿಡಿಯಲು ಬರುವುದಿಲ್ಲ, ಮೊದಲು ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋಗಬೇಕು ಎಂದು ವಿವರಿಸಿದೆ. ಕೊಂದ ಕೋಳಿಗೆ ಪರಿಹಾರವೂ ಉಂಟು. ಅದು ಕೈಗೆ ಬರುವುದು ತಡವಾಯಿತೋ, ಮುಂದಿನ ಸಲ ರೋಗದ ಕೋಳಿ ರಾತ್ರೋರಾತ್ರಿ ಪಕ್ಕದ ಊರಿನ ಸಂತೆಗೆ ಹೋಗುತ್ತದೆ. ನನ್ನ ಮಟ್ಟಿಗೆ ಹಕ್ಕಿಜ್ವರದ ಮೊದಲ ಔಷಧ ಅಂದರೆ ಸಮಯಕ್ಕೆ ಬಂದ ಪರಿಹಾರದ ಹಣ.

ನೋಡಲು ಹೋಗುವವರಿಗೆ ಒಂದು ಮಾತು. ಏರಿಯ ಮೇಲಿಂದ ಕಾಣುವಷ್ಟು ಸಾಕು, ನೀರಂಚಿಗೆ ಇಳಿಯಬೇಡಿ. ಸತ್ತ ಹಕ್ಕಿ ಕಂಡರೆ ಮುಟ್ಟದೆ ಅಲ್ಲಿಯ ಅರಣ್ಯ ಸಿಬ್ಬಂದಿಗೆ ಹೇಳಿ. ಜನವರಿ ಮುಗಿಯುವುದರೊಳಗೆ ಹೋದರೆ ಗುಂಪು ದೊಡ್ಡದಿರುತ್ತದೆ.

ಲಕ್ಷ್ಮೇಶ್ವರದ ದಾರಿಯಲ್ಲಿ ಎತ್ತಿನ ಗಾಡಿ, ಟ್ರ್ಯಾಕ್ಟರ್ ತುಂಬ ಜನ ಹೊಲಕ್ಕೆ ಹೊರಟಿದ್ದರು. ಒಂದು ಗಾಡಿಯವರಿಗೆ ದಾರಿ ಬಿಡಲು ನಿಂತದ್ದೇ ನೆಪ. ಹಿಂದೆ ಬುತ್ತಿ ಹಿಡಿದು ಕೂತಿದ್ದ ಅವ್ವಾರು, “ಅಮಾಸಿ ದಿನ ಹಸದು ಹೋಗಬಾರದು, ಬರ್ರಿ” ಎಂದರು. ಬ್ಯಾಡ ಅನ್ನಲು ಆಗಲಿಲ್ಲ. ಅನ್ನುವ ಮನಸ್ಸೂ ಇರಲಿಲ್ಲ.

ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪೂಜೆ ಮಾಡಿದರು. ಆಮೇಲೆ ಮನೆ ಯಜಮಾನರು ಹೊಲದ ಸುತ್ತ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲಿದರು. ಹಿಂದೆ ಹಿಂದೆ ಹುಡುಗರು ಕೂಗುತ್ತ ಓಡಿದರು, ಗೆಳತಿಯೂ ಓಡಿದಳು. ಊಟಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಖಡಕ್ ಜೋಳದ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಜುಣಕದ ವಡಿ, ಕೆನೆ ಮೊಸರು, ಶೇಂಗಾ ಹೋಳಿಗಿ. ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ಮೊಸರಿನ ಬಟ್ಟಲು ಅವಳ ಮುಂದೆಯೇ ಬಂದು ಕೂತಿತು. “ಪಾಪ, ಮುಂಡಗೋಡದಾಗ ಖಾರ ಕಡಿಮಿ ತಿಂತಾರೇನ?” ಎಂದರು ಅವ್ವಾರು.

ಊಟ ಆದ ಮೇಲೆ ಮಾತು ದನದ ಕಡೆ ಹೊರಳಿತು. ನಾವು ದನದ ಡಾಕ್ಟರು ಎಂದು ಗೊತ್ತಾದರೆ ಎಲ್ಲೇ ಆಗಲಿ ಹೀಗೇ. ಮನೆಯ ಒಂದು ಆಕಳು ಏಳು ತಿಂಗಳಿಗೆ ಕಂದು ಹಾಕಿತ್ತು, ಅಂದರೆ ಗರ್ಭ ಇಳಿದಿತ್ತು. ಕಸ, ಅಂದರೆ ಮಾಸು, ಬಿದ್ದಿರಲಿಲ್ಲ, ಮನೆಯ ಮಗನೇ ಬರಿಗೈಯಲ್ಲಿ ತೆಗೆದಿದ್ದ. ಕಂದನ್ನು ಹಳ್ಳದ ದಂಡೆಗೆ ಎಸೆದಿದ್ದರು. ಅದಾಗಿ ತಿಂಗಳೊಳಗೆ ಮಗನಿಗೆ ಸಂಜೆ ಸಂಜೆ ಜ್ವರ, ಬೆವರು, ಟೊಂಕ ನೋವು. ಟೈಫಾಯ್ಡ್ ಎಂದು ಒಂದು ಕಡೆ, ಮಲೇರಿಯಾ ಪರೀಕ್ಷೆ ಇನ್ನೊಂದು ಕಡೆ.

ನಾನೂ ಗೆಳತಿಯೂ ಮುಖ ಮುಖ ನೋಡಿಕೊಂಡೆವು. ಅದು ಬ್ರೂಸೆಲ್ಲೋಸಿಸ್ ಇರಬಹುದು. ನಮ್ಮ ಕಡೆ ದನಕ್ಕೆ ಬಂದರೆ ಕಂದು ರೋಗ ಅನ್ನುತ್ತಾರೆ. ಮನುಷ್ಯರಲ್ಲಿ ಅದನ್ನು ಮೊದಲು ಹಿಡಿದದ್ದು ಮಾಲ್ಟಾ ದ್ವೀಪದಲ್ಲಿ. 1887ರಲ್ಲಿ ಡೇವಿಡ್ ಬ್ರೂಸ್ ಸತ್ತ ಸೈನಿಕರ ದೇಹದಿಂದ ಕ್ರಿಮಿಯನ್ನು ಬೇರ್ಪಡಿಸಿದ. ಅದು ಆಡಿನ ಹಸಿ ಹಾಲಿನಿಂದ ಬರುತ್ತಿದೆ ಎಂದು ಥೆಮಿಸ್ಟೊಕ್ಲಿಸ್ ಝಮ್ಮಿತ್ ಕಂಡುಕೊಳ್ಳುವ ಹೊತ್ತಿಗೆ 1905 ಆಗಿತ್ತು. ನಮ್ಮ ಹಳ್ಳಿಗಳಲ್ಲಿ ಹಾಲು ಕಾಯಿಸದೆ ಕುಡಿಯುವವರು ಕಡಿಮೆ. ಇಲ್ಲಿ ರೋಗ ದಾಟುವುದು ಬಹುತೇಕ ಹೀಗೆ, ಬರಿಗೈಯಿಂದ. ಹುಡುಗನಿಗೆ ಹೇಳಿದೆ: ಡಾಕ್ಟರ ಹತ್ತಿರ ಹೋದಾಗ ‘ಆಕಳು ಕಂದು ಹಾಕಿತ್ತು, ಕಸ ನಾನೇ ತೆಗೆದೆ’ ಎನ್ನುವುದನ್ನು ಮೊದಲು ಹೇಳು. ಅಷ್ಟು ಹೇಳಿದರೆ ಅವರಿಗೆ ಯಾವ ರಕ್ತಪರೀಕ್ಷೆ ಬರೆಯಬೇಕು ಅಂತ ಹೊಳೆಯುತ್ತದೆ. ಆರು ವಾರ ಮಾತ್ರೆ ಬಿಡದೆ ತಿಂದರೆ ವಾಸಿಯಾಗುವ ರೋಗ.

“ಪಶು ದವಾಖಾನಿಗೆ ಹೇಳಿದ್ರೇನು?” ಎಂದೆ. ಯಜಮಾನರು ಎಲೆ ಅಡಿಕೆ ಮಡಿಚುತ್ತ, “ಹೇಳಿದ್ರ ಆಕಳ ಮಾರಾಕ ಬರ್ತದೇನ್ರಿ ಬಾಯಾರ?” ಎಂದರು.

ಬೆಳಗ್ಗೆ ಕೋಳಿ, ಮಧ್ಯಾಹ್ನ ಆಕಳು.

ಮಂಗಳವಾರ: ಲಕ್ಷ್ಮೇಶ್ವರದಿಂದ ಸವಣೂರಿಗೆ

ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯಲ್ಲಿ ಬೆಳಗ್ಗೆ ಒಂದು ತಾಸು ಸುಮ್ನೆ ಕೂತೆವು. ಸವಣೂರಿನ ದಾರಿ ಹಿಡಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಜಾಲಿಮುಳ್ಳು ಟೈರಿಗೆ ಹೊಕ್ಕಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಡ್ರೈವರ್ ಒಂದು ಬೈಕಿನ ಹಿಂದೆ ಚಕ್ರ ಹಿಡಿದು ಕೂತು ಹೋದ. ನಾವು ಬೇವಿನ ಗಿಡದ ಕೆಳಗೆ ಕೂತೆವು.

ಪಕ್ಕದ ಹೊಲದಲ್ಲಿ ಕುರಿ ತರುಬಿದ್ದರು. ಕುರಿಗಾರ ಕಾಕಾ ಬಂದು ಬೀಡಿ ಹಚ್ಚಿದರು. ಅವರ ಮುಂದೆಯೇ ಗೆಳತಿ ಒಂದು ಟಗರಿನ ಹಿಂಗಾಲು ಹಿಡಿದು, ಮೊಣಕಾಲಿಗೆ ಒರಗಿಸಿ, ಬಾಯಿ ಬಿಡಿಸಿ ಹಲ್ಲು ನೋಡಿದಳು. ಕಾಕಾ ಬೀಡಿ ಮರೆತರು. “ಇವ್ರು ನಮ್ಮವ್ರ ಬಿಡ್ರಿ!”

ನಾನು ನಡುವೆ ಕೂತು ಅನುವಾದ ಮಾಡಿದೆ. ಮಂಗೋಲಿಯಾದಲ್ಲಿ ಜನ 35 ಲಕ್ಷ, ಕುರಿ, ಆಡು, ಕುದುರೆ, ದನ, ಒಂಟೆ ಎಲ್ಲ ಸೇರಿ 5 ಕೋಟಿಗೂ ಜಾಸ್ತಿ ಎಂದಾಗ ಕಾಕಾ, “ಹಂಗಾರ ಅಲ್ಲಿ ಯಾರೂ ನೌಕರಿ ಹುಡುಕೂದಿಲ್ಲನ್ರಿ” ಎಂದರು. ಚಳಿಗಾಲಕ್ಕೆ ಹಿಮ ಗಟ್ಟಿಯಾಗಿ ಹುಲ್ಲು ಸಿಗದೆ ಲಕ್ಷಗಟ್ಟಲೆ ಸಾಯುತ್ತವೆ ಅಂದದ್ದಕ್ಕೆ ಅಷ್ಟೇ ಬೇಗ ಸಪ್ಪಗಾದರು. ಅವಳು ಮಾರ್ಮೊಟ್ ಎಂಬ ದೊಡ್ಡ ಅಳಿಲಿನ ಜಾತಿಯ ಪ್ರಾಣಿಯ ಕಥೆ ಹೇಳಿದಳು. 2019ರಲ್ಲಿ ಅದರ ಹಸಿ ಮಾಂಸ ತಿಂದ ಗಂಡ ಹೆಂಡತಿ ಪ್ಲೇಗಿನಿಂದ ಸತ್ತರು, ಊರನ್ನೇ ಆರು ದಿನ ಬಂದ್ ಮಾಡಿದ್ದರು. ಹಸಿ ಕಿಡ್ನಿ ತಿಂದರೆ ಆರೋಗ್ಯಕ್ಕೆ ಒಳ್ಳೆಯದು ಎಂಬ ನಂಬಿಕೆ ಅಲ್ಲಿದೆ.

“ನಾವು ಹಸಿದು ತಿನ್ನೂದಿಲ್ರಿ” ಎಂದರು ಕಾಕಾ. ಕುರಿ ಕೊಯ್ದಾಗ ಕಲಿಜಾದಲ್ಲಿ, ಅಂದರೆ ಯಕೃತ್ತಿನಲ್ಲಿ, ನೀರುಗುಳ್ಳೆ ಇದ್ದರೆ ಏನು ಮಾಡ್ತೀರಿ ಎಂದೆ. “ಅದನ್ನ ನಾಯಿಗೆ ಹಾಕ್ತೀವ್ರಿ.”

ಅಲ್ಲೇ ಇದೆ ತೊಡಕು. ಆ ನೀರುಗುಳ್ಳೆಯಲ್ಲಿ ಒಂದು ಜಾತಿಯ ಲಾಡಿಹುಳದ ಮರಿಗಳಿರುತ್ತವೆ. ನಾಯಿ ತಿಂದರೆ ಅದರ ಕರುಳಲ್ಲಿ ಹುಳ ಬೆಳೆಯುತ್ತದೆ, ಮೊಟ್ಟೆ ಮಲದಲ್ಲಿ ಹೊರಬಿದ್ದು ಹುಲ್ಲಿಗೆ, ನೀರಿಗೆ, ನಾಯಿಯ ಮೈಗೂದಲಿಗೆ ಅಂಟುತ್ತದೆ. ಹುಡುಗರು ನಾಯಿ ಮುದ್ದಾಡಿ ಅದೇ ಕೈಯಲ್ಲಿ ಉಂಡರೆ ಅವರ ಕಲಿಜಾದಲ್ಲೂ ಅಂಥದೇ ಗುಳ್ಳೆ. ಅದು ವರ್ಷಗಟ್ಟಲೆ ಸುಳಿವಿಲ್ಲದೆ ಬೆಳೆದು ಕೊನೆಗೆ ಆಪರೇಷನ್ನಿಗೆ ಬರುತ್ತದೆ. ಐಸ್‌ಲ್ಯಾಂಡಿನಲ್ಲಿ 19ನೇ ಶತಮಾನದಲ್ಲಿ ಈ ರೋಗ ಮನೆಮನೆಯಲ್ಲಿತ್ತು. ಹಸಿ ಕರುಳು, ಕಲಿಜಾ ನಾಯಿಗೆ ಹಾಕಬೇಡಿ ಎಂದು ಒಂದು ಸಣ್ಣ ಪುಸ್ತಕ ಅಚ್ಚು ಹಾಕಿ ಹಂಚಿದರು, ನಾಯಿಗಳಿಗೆ ಹುಳದ ಔಷಧ ಕಡ್ಡಾಯ ಮಾಡಿದರು, ಕ್ರಮೇಣ ರೋಗ ಅಳಿಯಿತು. ಕಾಕಾಗೆ ಇಷ್ಟನ್ನೂ ಹೇಳಿ, ಗುಳ್ಳೆ ಇದ್ದದ್ದನ್ನು ಆಳವಾಗಿ ಹೂಳಿ, ಇಲ್ಲವೇ ಚೆನ್ನಾಗಿ ಕುದಿಸಿ ಹಾಕಿ ಎಂದೆ. ಅವರು ಯೋಚನೆ ಮಾಡಿ, “ಕುದಿಸೂದು ಆಗೂದಿಲ್ರಿ, ಉರವಲು ಎಲ್ಲೈತಿ ಹಟ್ಟ್ಯಾಗ. ಹೂಳೂದು ಆಗ್ತೈತಿ” ಎಂದರು. ಈ ಉತ್ತರ ನನಗೆ ತುಂಬಾ ಹಿಡಿಸಿತು. ಮೀಟಿಂಗುಗಳಲ್ಲಿ ಎಲ್ಲದಕ್ಕೂ ಹೂಂ ಅನ್ನುವವರೇ ಜಾಸ್ತಿ.

ಮಧ್ಯಾಹ್ನದ ಮೇಲೆ ಸವಣೂರು. ಮಠದ ಆವರಣದ ದೊಡ್ಡಹುಣಸೆ ಮರಗಳು ಆಫ್ರಿಕಾ ಮೂಲದವು. 2023ರ ಮಳೆಗಾಲದಲ್ಲಿ ಉರುಳಿದ್ದ ಒಂದನ್ನು ಎತ್ತಿ ಮತ್ತೆ ನೆಟ್ಟಿದ್ದಾರೆ. ಅದರ ಸುತ್ತ ಒಂದು ಸುತ್ತು ಹಾಕಿ, ಸವಣೂರ ಖಾರಾ ಕಟ್ಟಿಸಿಕೊಂಡು ಹಾವೇರಿಗೆ ಹೋದೆವು. ಬುಧವಾರ ಹೊಸವರ್ಷ. ಬಂಧುಗಳ ಮನೆಯಲ್ಲಿ ಕೇಕು, ನಿದ್ದೆ, ಒಗೆದ ಬಟ್ಟೆ. ಅದರ ಬಗ್ಗೆ ಬರೆಯುವಂಥದ್ದು ಏನಿಲ್ಲ.

ಗುರುವಾರ: ಹಾವೇರಿ ದನದ ಸಂತೆ

ಹಾವೇರಿ ಸಂತೆಗೆ ಬೆಳಗ್ಗೆ ಬೇಗ ಹೋಗಬೇಕು. ಹತ್ತರ ಮೇಲೆ ಬಿಸಿಲು, ದೂಳು, ಮಾರಿ ಉಳಿದ ದನ ಅಷ್ಟೇ. ನಾವು ಹೋದಾಗ ಲಾರಿ, ಟಾಟಾ ಏಸುಗಳಿಂದ ಹೋರಿಗಳನ್ನು ಇಳಿಸುತ್ತಿದ್ದರು. ಕೊಬ್ಬರಿ ಹೋರಿಯ ಹಬ್ಬ ಆಡುವ ಜಿಲ್ಲೆ ಇದು, ಇಲ್ಲಿ ಹೋರಿ ಎಂದರೆ ಹೆಸರು, ಮರ್ಯಾದೆ, ಅಭಿಮಾನಿ ಬಳಗ ಎಲ್ಲ ಇರುತ್ತದೆ. ಒಂದು ಹೋರಿಯ ಕೊರಳಿಗೆ ಫ್ಲೆಕ್ಸ್ ಬೋರ್ಡಿನ ಫೋಟೋಗಿಂತ ದೊಡ್ಡ ಗೊಂಡೆ.

ವ್ಯಾಪಾರ ಟವೆಲ್ಲಿನ ಕೆಳಗೆ. ದಲ್ಲಾಳಿ ಮತ್ತು ಗಿರಾಕಿ ಕೈ ಮುಚ್ಚಿಕೊಂಡು ಬೆರಳು ಹಿಡಿದು ರೇಟು ಹೇಳುತ್ತಾರೆ, ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ. ಗೆಳತಿ ಕೈ ಚಾಚಿದಾಗ ಒಬ್ಬ ದಲ್ಲಾಳಿ ಅಣ್ಣ ತಮಾಷೆಗೆ ಅವಳ ಬೆರಳು ಹಿಡಿದು ಒಂದು ಆಕಳಿನ ರೇಟು ಹೇಳಿದ. ಅವಳು ಎರಡು ಬೆರಳು ಕಡಿಮೆ ಮಾಡಿದಳು. ಸುತ್ತ ಚಪ್ಪಾಳೆ.

ನಾನು ಆ ಆಕಳ ಕಿವಿಯ ಓಲೆ ನೋಡುತ್ತಿದ್ದೆ. ಹನ್ನೆರಡು ಅಂಕಿ. ಆ ನಂಬರಿನ ಹಿಂದೆ ಯಾವ ಲಸಿಕೆ ಯಾವಾಗ ಬಿತ್ತು ಎಂಬ ಲೆಕ್ಕ ಇರಬೇಕು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಕಂದು ರೋಗದ ಲಸಿಕೆ ಹಾಕುತ್ತಾರೆ. ಜನ್ಮಕ್ಕೆ ಒಂದೇ ಸಲ. ಆ ವಯಸ್ಸು ದಾಟಿದರೆ ಅವಕಾಶ ಹೋಯಿತು. ಆಕಳು ಎಷ್ಟು ಸಲ ಕಂದು ಹಾಕಿದೆ ಎಂಬುದು ಮಾತ್ರ ಓಲೆಗೆ ಗೊತ್ತಿಲ್ಲ, ಮಾರುವವನಿಗೆ ಗೊತ್ತು.

“ಗಬ್ಬ ಹೋದ ಆಕಳು ಸಂತಿಗೆ ಬರ್ತಾವೇನಣ್ಣಾ?” ಎಂದು ಆ ದಲ್ಲಾಳಿಯನ್ನೇ ಕೇಳಿದೆ.

“ಇಲ್ಲಿಗಲ್ದ ಎಲ್ಲಿಗೆ ಬರ್ತಾವ್ರಿ ಮೇಡಮ್ಮಾರ?” ಮರೆಮಾಚಲಿಲ್ಲ ಅವನು. 2022ರಲ್ಲಿ ಚರ್ಮಗಂಟು ರೋಗ ಬಂದು ಸಂತೆ ಬಂದ್ ಆದದ್ದನ್ನೂ ಅವನೇ ತೆಗೆದ. ಅದು ಮನುಷ್ಯರಿಗೆ ಅಂಟುವ ರೋಗವಲ್ಲ, ಆದರೂ ಈ ಜಿಲ್ಲೆಯ ರೈತರನ್ನು ಅಲ್ಲಾಡಿಸಿತ್ತು. “ಸಂತಿ ಬಂದ್ ಅಂದ್ರ ವ್ಯಾಪಾರ ಬಂದ್ ಅಲ್ರಿ. ರಾತ್ರಿ ಹೊಲದಾಗ ನಡೀತು. ಇಲ್ಲಿ ನಡದ್ರ ನಿಮ್ಮ ಡಾಕ್ಟರ್ ಒಬ್ರರ ನೋಡ್ತಾರ.”

ಗೆಳತಿ ಅವಳ ದೇಶದ ಲೆಕ್ಕ ಹೇಳಿದಳು. ಮಂಗೋಲಿಯಾದಲ್ಲಿ ಜಾನುವಾರುಗಳಿಗೆ ಬ್ರೂಸೆಲ್ಲಾ ಲಸಿಕೆ ಹಾಕಿದರೆ ಏನು ಲಾಭ ಎಂದು ಲೆಕ್ಕ ಮಾಡಿ 2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಬರೀ ಆರೋಗ್ಯ ಇಲಾಖೆಯೇ ಪೂರ್ತಿ ಖರ್ಚು ಹೊತ್ತರೆ ದುಬಾರಿ. ಹಾಲು, ಮಾಂಸ ಉಳಿಯುವ ರೈತನ ಲಾಭ, ದುಡಿಮೆ ತಪ್ಪದ ಮನೆಯ ಲಾಭ, ಆಸ್ಪತ್ರೆಯ ಉಳಿತಾಯ ಎಲ್ಲ ಕೂಡಿಸಿ ಖರ್ಚನ್ನೂ ಹಂಚಿಕೊಂಡರೆ ಲಾಭವೇ ಜಾಸ್ತಿ. ನಮ್ಮ ವೃತ್ತಿಯಲ್ಲಿ ಎಲ್ಲರೂ ಓದಿರುವ ಲೆಕ್ಕ ಅದು. ಆ ಸಂತೆಯಲ್ಲಿ ನಿಂತಾಗ ನನಗೆ ಅನ್ನಿಸಿದ್ದು, ಅದರಲ್ಲಿ ಇನ್ನೊಂದು ಸಾಲು ಬೇಕು: ರೋಗದ ಆಕಳನ್ನು ಮಾರದೆ ಉಳಿಸಿಕೊಂಡವನ ನಷ್ಟ ಯಾರ ಖಾತೆಗೆ? ಈ ನಷ್ಟ ತುಂಬುವವರು ಇಲ್ಲದಿರುವವರೆಗೆ ಲಕ್ಷ್ಮೇಶ್ವರದ ಆ ಯಜಮಾನರಿಗೆ ‘ಮಾರಬೇಡಿ’ ಎಂದು ಹೇಳಲು ನನ್ನ ಹತ್ತಿರ ಬಾಯಿಲ್ಲ.

ಸಂತೆಯ ಹೊರಗೆ ಮಂಡಕ್ಕಿ, ಮಿರ್ಚಿ. ಬ್ಯಾಡಗಿ ಪಕ್ಕದಲ್ಲೇ ಇದ್ದರೂ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಧೈರ್ಯ ಹೇಳಿದೆ. ಮಿರ್ಚಿಯಲ್ಲಿ ಇದ್ದದ್ದು ಹಸಿಮೆಣಸಿನಕಾಯಿ. ಮುಂದಿನ ಹತ್ತು ನಿಮಿಷ ಅವಳು ನನ್ನ ಜೊತೆ ಮಾತಾಡಲಿಲ್ಲ.

ಶುಕ್ರವಾರ: ಹಾನಗಲ್ಲು

ಹಾವೇರಿಯಿಂದ ಹಾನಗಲ್ಲಿನ ಕಡೆ ಹೊರಟರೆ ನೆಲದ ಬಣ್ಣ ಬದಲಾಗುತ್ತದೆ. ಎರೆ ಹಿಂದೆ ಬಿದ್ದು ಕೆಂಪು ಮಣ್ಣು, ಕೆರೆ, ಕೊಯ್ದ ಬತ್ತದ ಗದ್ದೆ, ಮಾವಿನ ತೋಟ. ತಾರಕೇಶ್ವರ ಗುಡಿಯ ತಾವರೆ ಚಾವಣಿ ಕೆಳಗೆ ಮಲಗಿ ನೋಡಬೇಕು, ನಿಂತು ನೋಡಿದರೆ ಕುತ್ತಿಗೆ ಹಿಡಿಯುತ್ತದೆ.

ತಾಲೂಕಿನ ಆಚೆ ಅಂಚಿಗೆ ಸೊರಬ. ಅಲ್ಲಿಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಹಳದಿ ಜ್ವರ ಭಾರತಕ್ಕೂ ಬಂತಾ ಎಂದು ಮೊದಲು ಎಲ್ಲರೂ ಹೆದರಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ಅದು ಉಣ್ಣಿ ಕಚ್ಚಿ ಬರುವ ಹೊಸ ವೈರಸ್, ಈಗ ನಾವು ಮಂಗನ ಕಾಯಿಲೆ ಅನ್ನುವುದು ಅದಕ್ಕೇ. ರಷ್ಯಾದ ಕಾಡುಗಳ ಉಣ್ಣಿ ಜ್ವರದ ಸಂಬಂಧಿ. ಹಾಗಾದರೆ ವಲಸೆ ಹಕ್ಕಿಗಳು ಹೊತ್ತು ತಂದವಾ? ಆ ಅನುಮಾನದ ಬೆನ್ನಿಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಸಿಕ್ಕಿತು. 1959ರಿಂದ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿದರು. ಹಕ್ಕಿ ತಂದಿತು ಎಂದು ಸಾಬೀತಾಗಲಿಲ್ಲ. ನಮ್ಮ ಹಕ್ಕಿಗಳ ವಲಸೆಯ ಬಗ್ಗೆ ಮಾತ್ರ ಬೇಕಾದಷ್ಟು ತಿಳಿಯಿತು.

ಕಾಡಂಚಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯೊಬ್ಬರು ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟರು. ಚಳಿಗಾಲದಿಂದ ಮೊದಲ ಮಳೆಯ ತನಕ ಕಟ್ಟಿಗೆಗೆ, ದರಕಿಗೆ ಕಾಡಿಗೆ ಹೋಗುವವರಿಗೆ ಅವರು ಹೇಳುವುದು ಇಷ್ಟು: ತುಂಬುತೋಳಿನ ಅಂಗಿ, ಉಣ್ಣಿ ಹತ್ತದಂತೆ ಡೆಪಾ ಎಣ್ಣೆ, ಒಣ ಎಲೆ ಮೇಲೆ ಕೂರಬೇಡಿ, ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಮಂಗ ಸತ್ತರೆ ಹತ್ತಿರ ಹೋಗಬೇಡಿ, ಅದರ ಮೈಮೇಲಿನ ಉಣ್ಣಿ ಕೆಳಗಿಳಿದು ಸುತ್ತ ಹರಡಿರುತ್ತವೆ. ಹೊರಗಿನಿಂದ ತಿರುಗಾಡಲು ಹೋಗುವವರಿಗೂ ಇದೇ ಮಾತು ಸಾಕು.

“ಮಂಗ ಸತ್ತಿದ್ದು ಕಂಡ್ರ ಯಾರಿಗೆ ಹೇಳ್ತೀರಿ?” ನನ್ನ ಹಳೇ ಪ್ರಶ್ನೆ.

“ಕಾಡಿನ ಪ್ರಾಣಿ ಅಂದ್ರ ಫಾರೆಸ್ಟಿನವ್ರಿಗೆ, ಕೊಯ್ದು ನೋಡಾಕ ದನದ ಡಾಕ್ಟರಿಗೆ, ಜ್ವರ ಬಂದ್ರ ನಮ್ಮ ಪಿಎಚ್‌ಸಿಗೆ. ಮೂರು ಕಡೆ ಫೋನ್ ಮಾಡಿ ಕರೆನ್ಸಿ ಖಾಲಿ ಆಕ್ಕಿತ್ರಿ. ಅದಕ್ಕ ಎಲ್ಲಾರ್ನೂ ಒಂದ ವಾಟ್ಸಾಪ್ ಗ್ರೂಪಿಗೆ ಹಾಕೀನಿ.”

ಗೆಳತಿ ಚಹಾ ಲೋಟ ಕೆಳಗಿಟ್ಟಳು. ವಿಶ್ವ ಆರೋಗ್ಯ ಸಂಸ್ಥೆ, ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಎಷ್ಟೋ ವರ್ಷ ಜೊತೆಯಾಗಿ ಕೆಲಸ ಮಾಡಿದ ಮೇಲೆ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವೂ ಅದೇ ಮೇಜಿಗೆ ಬಂದು ಸಹಿ ಹಾಕಿದ್ದು 2022ರಲ್ಲಿ. ಆ ಕಾಗದಗಳ ಕರಡು ತಿದ್ದುವುದರಲ್ಲಿ ನಮ್ಮಂಥವರ ಎಷ್ಟೋ ಸಂಜೆಗಳು ಹೋಗಿವೆ. ಇವರು ಇಲ್ಲಿ ಒಂದು ಸಂಜೆಯಲ್ಲಿ ಮುಗಿಸಿದ್ದರು.

ಗ್ರೂಪ್ ತೋರಿಸಿ ಎಂದೆ. ಮೇಲೆ ಕೆಳಗೆ ಎಷ್ಟು ಎಳೆದರೂ ಗುಲಾಬಿ ಹೂವಿನ ಶುಭೋದಯ, ಹೊಸವರ್ಷದ ಶುಭಾಶಯ, ಎಳ್ಳ ಅಮಾವಾಸ್ಯೆಯ ರೊಟ್ಟಿ ಫೋಟೋ, ಯಾರದೋ ಮಗನ ನಾಮಕರಣ. ನಡುವೆ ಎಲ್ಲೋ ಒಂದು ಮಂಗದ ಫೋಟೋ, ಅದರ ಕೆಳಗೆ ಅರ್ಧ ತಾಸಿನೊಳಗೆ ಬಂದ ಮೂರು ಉತ್ತರ. ಗೆಳತಿ ನನ್ನ ಕಿವಿಯಲ್ಲಿ, ನಮ್ಮಲ್ಲಾದರೆ ಇಂಥ ಗ್ರೂಪಿಗೆ ‘ಕೆಲಸದ ಸಂದೇಶ ಮಾತ್ರ’ ಎಂದು ನಿಯಮ ಹಾಕುತ್ತಿದ್ದೆವು ಎಂದಳು. ಅದನ್ನೇ ಅಕ್ಕನಿಗೆ ಹೇಳಿದೆ.

“ಹಂಗ ಮಾಡಿದ್ರ ಗ್ರೂಪ್ ಯಾರೂ ತಗದ ನೋಡೂದಿಲ್ರಿ. ಗುಡ್ ಮಾರ್ನಿಂಗ್ ಹಾಕ್ಕೋತ ಇದ್ರ ಮಂದಿ ಇರ್ತಾರ.”

ಹೊರಡುವಾಗ ನಮ್ಮಿಬ್ಬರನ್ನೂ ಆ ಗ್ರೂಪಿಗೆ ಸೇರಿಸಿದರು. ಬ್ಯಾಂಕಾಕಿಗೆ ಬಂದು ಒಂದು ವಾರ ಕಳೆದಿರಬೇಕು, ಒಂದು ಬೆಳಗ್ಗೆ ಸಂಕ್ರಾಂತಿಯ ಎಳ್ಳುಬೆಲ್ಲಗಳ ನಡುವೆ ಸತ್ತ ಕಾಗೆಯ ಫೋಟೋ ಬಂತು. ಗೆಳತಿ ನನ್ನ ಮೇಜಿಗೆ ಓಡಿ ಬಂದು, ಒಂದೇನಾ, ಜಾಸ್ತಿ ಇವೆಯಾ, ಹತ್ತಿರ ಕೋಳಿ ಫಾರ್ಮ್ ಇದೆಯಾ ಕೇಳು ಎಂದಳು. ಕನ್ನಡದಲ್ಲಿ ಟೈಪ್ ಮಾಡಿ ಕಳಿಸಿದೆ. ಐದು ನಿಮಿಷಕ್ಕೆ ಉತ್ತರ: “ಒಂದ ರಿ ಮೇಡಂ. ವೈರಿಗೆ ಕುಂತು ಕರೆಂಟ್ ಹೊಡದೈತಿ. ಲೈನ್‌ಮನ್‌ನೂ ಗ್ರೂಪಿಗೆ ಹಾಕಬೇಕು ಅನ್ನಾಕತ್ತಾರ.”